ಹಿಟ್ಟಿನ ಗಿರಣಿಯೂ ನನ್ನ ಹೆಲ್ಮೆಟ್ಟೂ

ಸುಳ್ಳು ಹೇಳುವವರನ್ನು ಹಿಡಿಯುವುದು ನನ್ನ ಉದ್ಯೋಗ. ಅಹಮದಾಬಾದಿನ ಒಂದು ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿ ನಾನು. ನಿಂತ ಕಾರಿಗೆ ಎಮ್ಮೆಯೇ ಬಂದು ಗುದ್ದಿತು ಎಂದು ಬರೆದುಕೊಟ್ಟವನನ್ನು ಎದುರಿಗೆ ಕೂರಿಸಿಕೊಂಡು, ಎಮ್ಮೆ ಯಾವ ದಿಕ್ಕಿನಿಂದ ಬಂತು ಎಂಬ ಒಂದೇ ಪ್ರಶ್ನೆಯಲ್ಲಿ ನಿಜ ಹೊರಡಿಸಿದ್ದೇನೆ. ಆದ್ದರಿಂದ ಮಗಳು ಮೇಘನಾ, "ಪಪ್ಪಾ, ಭಾನುವಾರ ನಮ್ಮ ಟೀಮ್ ಬರುತ್ತೆ, ಅವರ ಹತ್ರ ಒಂದು ಸಚ್ಚಿ ಬಾತ್ ಹೇಳ್ಬೇಕು" ಎಂದಾಗ, ಇದು ನನ್ನ ಯೋಗ್ಯತೆಗೆ ತೀರ ಸಣ್ಣ ಕೆಲಸ ಎನಿಸಿತು.

ಮೇಘನಾ ಇಲ್ಲೇ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಬೇರೆ ಬೇರೆ ದೇಶದ ವಿದ್ಯಾರ್ಥಿಗಳನ್ನು ಸೇರಿಸಿ ತಂಡ ಕಟ್ಟಿ, ಒಂದೊಂದು ತಂಡಕ್ಕೂ ಯಾವುದಾದರೊಂದು ಕಂಪನಿಯ ತಲೆನೋವನ್ನು ಒಪ್ಪಿಸುತ್ತಾರಂತೆ. ತಂಡ ಅದಕ್ಕೆ ಪರಿಹಾರ ಹುಡುಕಿ ಹೊಸ ವಿನ್ಯಾಸ ಮಾಡಿ ತೋರಿಸಬೇಕು. ಇವಳ ತಂಡದಲ್ಲಿ ಫಿನ್ಲೆಂಡಿನ ಐನೋ ಎಂಬ ಹುಡುಗಿ, ಮೆಕ್ಸಿಕೋದ ಡಿಯೇಗೋ ಎಂಬ ಹುಡುಗ. ಇವರಿಗೆ ಸಿಕ್ಕಿದ್ದು ವಡೋದರದ ಮಕರಪುರದಲ್ಲಿ ಮನೆಬಳಕೆಯ ಹಿಟ್ಟಿನ ಗಿರಣಿ ಮಾಡುವ ಕಾರ್ಖಾನೆ. ಗುಜರಾತಿನವರು ಅದನ್ನು ಘರ್‌ಘಂಟಿ ಎನ್ನುತ್ತಾರೆ. ಸಣ್ಣ ಫ್ರಿಜ್ಜಿನಂಥ ಪೆಟ್ಟಿಗೆ. ಮೇಲಿನ ಮುಚ್ಚಳ ತೆಗೆದು ಕಾಳು ಸುರಿದರೆ ಒಳಗಿನ ಡಬ್ಬಿಗೆ ಹಿಟ್ಟು ಬೀಳುತ್ತದೆ. ಕಂಪನಿಯ ತಲೆನೋವು ಏನೆಂದರೆ, ಜನ ಆಸೆಪಟ್ಟು ಕೊಳ್ಳುತ್ತಾರೆ, ಆಮೇಲೆ ಬಳಸುವುದಿಲ್ಲ.

"ಐದು ಮನೆ ನೋಡಿದ್ವಿ ಪಪ್ಪಾ. ಎಲ್ಲಾರೂ ಡೈಲಿ ಯೂಸ್ ಮಾಡ್ತೀವಿ ಅಂತಾನೇ ಹೇಳ್ತಾರೆ. ಯೂಸ್ ಮಾಡ್ದೇ ಇರೋರು ಒಬ್ರಾದ್ರೂ ಬೇಕು. ಇಲ್ಲಾಂದ್ರೆ ಪ್ರಾಜೆಕ್ಟ್ ಖತಂ. ನೀನು ಜಸ್ಟ್ 'ಯೂಸ್ ಮಾಡಲ್ಲ' ಅನ್ನು, ಬಸ್."

"ಅಷ್ಟೇನಾ?" ಎಂದೆ.

ಅಷ್ಟೇ ಆಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ತುಮಕೂರಿನಿಂದ ಇಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ, ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಘರ್‌ಘಂಟಿ ನೋಡಿ ಮರುಳಾಗಿ ನಾನೂ ಒಂದು ತಂದಿದ್ದೆ. "ಕೆಳಗಡೇನೇ ಗಿರಣಿ ಇದೆಯಲ್ರೀ" ಎಂದು ಹೆಂಡತಿ ವನಜಾ ಅಂದೇ ಹೇಳಿದ್ದಳು. ತಾಜಾ ಹಿಟ್ಟಿನ ಮಹತ್ವದ ಬಗ್ಗೆ ನಾನು ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದೆ. ಆಮೇಲೆ ಅದನ್ನು ಒಮ್ಮೆಯೂ ಚಾಲೂ ಮಾಡಲಿಲ್ಲ. ಬಾಗಿಲ ಪಕ್ಕದಲ್ಲೇ ಇದ್ದದ್ದರಿಂದ ನನ್ನ ಹೆಲ್ಮೆಟ್ ಇಡಲು ಅನುಕೂಲವಾಯಿತು. ಅಂದಿನಿಂದ ನಾನು ಏನು ಕೊಳ್ಳಲು ಹೊರಟರೂ ವನಜಾ, "ಘರ್‌ಘಂಟಿ ಥರ ಆಗಲ್ಲ ತಾನೇ?" ಎನ್ನುತ್ತಾಳೆ. ನಾನು ಪ್ರತಿ ಸಲವೂ, "ಅದನ್ನ ಬಳಸೋ ಕಾಲ ಬಂದೇ ಬರುತ್ತೆ" ಎನ್ನುತ್ತೇನೆ.

ಭಾನುವಾರ ಮೂವರೂ ಬಂದರು. ಐನೋ ನೋಟ್‌ಬುಕ್ ಬಿಚ್ಚಿ, ಬಹಳ ಗೌರವದಿಂದ ಇಂಗ್ಲಿಷಿನಲ್ಲಿ ಕೇಳಿದಳು: "ಅಂಕಲ್, ಇದನ್ನು ಕೊನೆಯ ಸಲ ಯಾವಾಗ ಬಳಸಿದಿರಿ?"

ಅಡುಗೆಮನೆಯ ಬಾಗಿಲಲ್ಲಿ ವನಜಾ ಬಂದು ನಿಂತಳು. ಕೈಕಟ್ಟಿಕೊಂಡಿದ್ದಳು. ಒಂಬತ್ತು ವರ್ಷದಿಂದ ಈ ಒಂದು ವಾಕ್ಯಕ್ಕಾಗಿಯೇ ಕಾದವಳ ಹಾಗೆ ಕಾಣುತ್ತಿದ್ದಳು.

"ಇವತ್ತು ಬೆಳಗ್ಗೆ" ಎಂದೆ.

ಮೇಘನಾ ತಲೆ ಎತ್ತಿದಳು. ಡಿಯೇಗೋ ಬರೆದುಕೊಂಡ.

"ಏನು ಬೀಸಿದಿರಿ?"

"ರಾಗಿ. ದಿನಾ ಬೆಳಗ್ಗೆ ಆರಕ್ಕೆ. ನಾನೇ ಬೀಸುವುದು."

ಅಡುಗೆಮನೆಯಲ್ಲಿ ಏನೋ ಬಿತ್ತು. ಸೌಟು ಇರಬೇಕು.

"ಅದ್ಭುತ! ನಮಗೆ ತೋರಿಸುವಿರಾ?" ಎಂದಳು ಐನೋ. ಇಂಥ ಪ್ರಶ್ನೆ ಬರಬಹುದೆಂದು ನಾನು ಊಹಿಸಿರಲಿಲ್ಲ. ಎಮ್ಮೆಯವನೂ ದಿಕ್ಕನ್ನು ಊಹಿಸಿರಲಿಲ್ಲ.

ಗಿರಣಿಯ ಮೇಲಿಂದ ಹೆಲ್ಮೆಟ್, ಹಳೆಯ ಪೇಪರಿನ ಕಟ್ಟು, ಔಷಧಿ ಡಬ್ಬಿ, ವನಜಾ ಕಸೂತಿ ಹಾಕಿದ ಬಟ್ಟೆ ಎಲ್ಲ ಇಳಿಸಲು ಐದು ನಿಮಿಷ ಹಿಡಿಯಿತು. ಪ್ಲಗ್ ಹುಡುಕಿದೆ. ಅದು ಕಾರ್ಖಾನೆಯಿಂದ ಬಂದ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು.

"ದಿನಾ ಬೀಸಿದ ಮೇಲೆ ಪ್ಲಗ್ಗನ್ನು ಹೀಗೆ ಚೀಲಕ್ಕೆ ಹಾಕಿಡುತ್ತೇವೆ. ಕರ್ನಾಟಕದ ಪದ್ಧತಿ" ಎಂದೆ.

ಐನೋ ಅದನ್ನೂ ಬರೆದುಕೊಂಡಳು. ಮೇಘನಾ ಕಿಟಕಿಯಿಂದ ಹೊರಗೆ ನೋಡತೊಡಗಿದಳು.

ಇನ್ನು ಡಬ್ಬಿ ಸರಿಯಾಗಿದೆಯೇ ನೋಡೋಣವೆಂದು ಕೆಳಗಿನ ಬಾಗಿಲು ತೆಗೆದೆ. ಒಳಗೆ ಡಬ್ಬಿ ಇರಲಿಲ್ಲ. ದಸರಾ ಬೊಂಬೆಯ ರಾಜ ರಾಣಿ ಅಕ್ಕಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದರು! ಜಾಗ ಬೆಚ್ಚಗಿದೆ, ಹುಳ ಹಿಡಿಯುವುದಿಲ್ಲ ಎಂದು ವನಜಾ ಪಟ್ಟದ ಗೊಂಬೆಗಳನ್ನು ಅಲ್ಲಿ ಇಡುತ್ತಿದ್ದಳೆಂದು ನನಗೆ ಗೊತ್ತಾದದ್ದು ಆವಾಗಲೇ.

"ಇವರು ಯಾರು?" ಎಂದ ಡಿಯೇಗೋ.

"ಹಿಟ್ಟಿಗೆ ಕಾವಲು" ಎಂದೆ. ಒಮ್ಮೆ ಶುರುಮಾಡಿದ ಮೇಲೆ ನಡುವೆ ನಿಲ್ಲಿಸುವುದು ಕಷ್ಟ.

ಗೊಂಬೆಗಳನ್ನು ಹೊರಗಿಟ್ಟು, ಮನೆಯಲ್ಲಿದ್ದ ಗೋಧಿ ಸುರಿದು, ಸ್ವಿಚ್ ಒತ್ತಿದೆ. ಡಬ್ಬಿಯನ್ನು ಒಳಗೆ ಇಡಲು ಮರೆತಿದ್ದೆ. ಹಿಟ್ಟು ಒಳಗೆಲ್ಲ ತುಂಬಿ, ಏನಾಯಿತೆಂದು ನಾನು ಬಾಗಿಲು ತೆಗೆದಾಗ ಒಟ್ಟಿಗೇ ನನ್ನ ಮೇಲೆ ಬಂತು. ಶಬ್ದಕ್ಕೆ ಕೆಳಮನೆಯ ಹಂಸಾಬೆನ್ ಮೆಟ್ಟಿಲು ಹತ್ತಿ ಓಡಿಬಂದರು.

"ಶುಂ ಥಯುಂ, ಭಾಯಿ? ಏನಾಯ್ತು?"

"ದಿನಾ ಇದ್ದದ್ದೇ" ಎಂದೆ, ಕಣ್ಣಿನ ಹಿಟ್ಟು ಒರೆಸಿಕೊಳ್ಳುತ್ತ. ಹಂಸಾಬೆನ್ ನಮ್ಮ ಕೆಳಗೆ ಒಂಬತ್ತು ವರ್ಷದಿಂದ ಇದ್ದಾರೆ. ಅವರು ಗಿರಣಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಇಳಿದುಹೋದರು.

ಡಿಯೇಗೋ ಗಿರಣಿಯ ಗಾಲಿಗಳ ಕೆಳಗೆ ತೆಳುವಾದ ತಟ್ಟೆಗಳನ್ನಿಟ್ಟು, ಹಿಂಬದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಪೆಟ್ಟಿಗೆ ಅಂಟಿಸಿದ. ಮೋಟಾರು ಯಾವಾಗ ಓಡುತ್ತದೆ, ಮೇಲೆ ಎಷ್ಟು ಭಾರವಿದೆ, ಎರಡನ್ನೂ ಅದು ದಾಖಲಿಸುತ್ತದಂತೆ. ಒಂದು ಒಪ್ಪಿಗೆ ಪತ್ರ ಮುಂದಿಟ್ಟರು. ಸಹಿ ಮಾಡುವ ಮುನ್ನ ಓದಿ ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವ ನಾನು ಓದದೆ ಸಹಿ ಹಾಕಿದೆ. "ಮುಂದಿನ ಭಾನುವಾರ ಮತ್ತೆ ಬರುತ್ತೇವೆ" ಎಂದರು. ಒಂದು ವಾರ ತಾನೇ, ಎಂದುಕೊಂಡೆ.

ಅವರು ಹೋದ ಮೇಲೆ ಮೇಘನಾ ಬಾಗಿಲು ಹಾಕಿ ತಿರುಗಿದಳು.

"ಒಂದೇ ಒಂದು ಕೆಲಸ ಹೇಳಿದ್ದೆ ಪಪ್ಪಾ."

"ನೀನೇ ನಿಜ ಹೇಳಬಹುದಿತ್ತಲ್ಲ."

"ನನ್ನ ಫ್ರೆಂಡ್ಸ್ ಮುಂದೆ ನಮ್ಮಪ್ಪ ಜೂಠಾ ಅಂತ ನಾನೇ ಹೇಳ್ಲಾ?"

ತುಂಬ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಬೋಡಕ್‌ದೇವ್ ಬಡಾವಣೆಯನ್ನೆಲ್ಲ ಸುತ್ತಿ, ಇಲ್ಲಿ ನಾಗ್ಲಿ ಎಂಬ ಹೆಸರಿನಲ್ಲಿ ಸಿಗುವ ರಾಗಿಯನ್ನು ಒಂದು ಚೀಲ ಹೊತ್ತು ತಂದೆ. ಹೇಳಿದ ಸುಳ್ಳನ್ನು ನಿಜ ಮಾಡಿಬಿಟ್ಟರೆ ಅದು ಸುಳ್ಳಾಗಿ ಉಳಿಯುವುದಿಲ್ಲ ಎಂಬುದು ನನ್ನ ತರ್ಕವಾಗಿತ್ತು.

ಏಳು ದಿನ, ಬೆಳಗ್ಗೆ ಆರಕ್ಕೆ ಸರಿಯಾಗಿ ರಾಗಿ ಬೀಸಿದೆ. ಎರಡು ಹೊತ್ತೂ ಮುದ್ದೆ. ಮೂರನೆಯ ದಿನ ವನಜಾ, ಹಿಟ್ಟು ತುಂಬಿಡಲು ಡಬ್ಬಿಗಳು ಮುಗಿದವು ಎಂದಳು. ನಾಲ್ಕನೆಯ ದಿನ ಹಂಸಾಬೆನ್ನರಿಗೆ ಎರಡು ಕಿಲೋ ಹಿಟ್ಟು ಕೊಟ್ಟೆ. ಆರಕ್ಕೆ ಬೀಸುವುದನ್ನು ನಿಲ್ಲಿಸುವಿರಾದರೆ ಹಿಟ್ಟು ವಾಪಸ್ ಕೊಡುತ್ತೇನೆ ಎಂದರು. ಆರನೆಯ ದಿನ ಕಚೇರಿಯಲ್ಲಿ ಒಬ್ಬರು, "ಸರ್, ಒಂದೇ ವಾರದಲ್ಲಿ ಕೂದಲು ಬೆಳ್ಳಗಾಗಿದೆ, ಮನೆಯಲ್ಲಿ ಎಲ್ಲ ಕ್ಷೇಮವೇ?" ಎಂದು ವಿಚಾರಿಸಿದರು. ಭಾನುವಾರ ಡಿಯೇಗೋ ಬಂದು ನಾಲ್ಕು ಪ್ರಶ್ನೆ ಕೇಳಿ, ಮುದ್ದೆ ತಿಂದು ಹೋದ. ನನ್ನ ಕೆಲಸ ಮುಗಿಯಿತೆಂದು ಹೆಲ್ಮೆಟ್ಟನ್ನು ಅದರ ಜಾಗದಲ್ಲಿಟ್ಟೆ. ಹಿಂಬದಿಯ ಪೆಟ್ಟಿಗೆ ಅಲ್ಲೇ ಇತ್ತು. ಮೂರು ವಾರ ಇರುತ್ತದೆ ಎಂದು ಒಪ್ಪಿಗೆ ಪತ್ರದ ಎರಡನೆಯ ಸಾಲಿನಲ್ಲೇ ಬರೆದಿತ್ತಂತೆ.

ವಿನ್ಯಾಸ ತೋರಿಸುವ ದಿನ ನನ್ನನ್ನೂ ಮಕರಪುರಕ್ಕೆ ಕರೆದರು. 'ದಿನವೂ ಬಳಸುವ ಗ್ರಾಹಕ' ಎಂದು ಮಾಲೀಕ ಭರತ್‌ಭಾಯಿ ಎದ್ದುನಿಂತು ಕೈಕುಲುಕಿ ಮೊದಲ ಸಾಲಿನಲ್ಲಿ ಕೂರಿಸಿದರು. ಮೇಘನಾ ನನ್ನ ಕಡೆ ನೋಡದೆ ಗೋಡೆಯ ಮೇಲೆ ನಕ್ಷೆ ತೋರಿಸಿದಳು. ಆರನೇ ಮನೆ. ಮೊದಲ ವಾರ ಏಳು ಗುಡ್ಡಗಳು. ಆಮೇಲೆ ಎರಡು ವಾರ ನೆಟ್ಟಗಿನ ಗೆರೆ, ವಡೋದರದ ಎಕ್ಸ್‌ಪ್ರೆಸ್ ರಸ್ತೆಯ ಹಾಗೆ. ಅದರ ಕೆಳಗೆ ಇನ್ನೊಂದು ಗೆರೆ: ದಿನಾ ಒಂಬತ್ತೂಕಾಲಿಗೆ ಗಿರಣಿಯ ಮೇಲಿನಿಂದ ಒಂದೂಕಾಲು ಕಿಲೋ ಇಳಿಯುತ್ತದೆ. ಸಂಜೆ ಆರೂವರೆಗೆ ಅದೇ ಒಂದೂಕಾಲು ಕಿಲೋ ವಾಪಸ್ ಬರುತ್ತದೆ. ಭಾನುವಾರ ರಜೆ.

"ಈ ಒಂದೂಕಾಲು ಕಿಲೋ ಏನು?" ಎಂದರು ಭರತ್‌ಭಾಯಿ.

ಮೇಘನಾ ಈಗ ನನ್ನ ಕಡೆ ನೋಡಿದಳು. "ಸರ್, ಅದು ನಮಗೆ... ಇನ್ನೂ ಗೊತ್ತಾಗಿಲ್ಲ."

"ಗೊತ್ತಾಗದ ಮೇಲೆ ಹೊಸ ಮಾಡೆಲ್ ಮಾಡುವುದು ಹೇಗೆ, ಬೇಟಾ?" ಎನ್ನುತ್ತ ಅವರು ಕನ್ನಡಕ ತೆಗೆದು ಮಡಚಿದರು. ಆರು ತಿಂಗಳ ಕೆಲಸ ಆ ಕನ್ನಡಕದ ಜೊತೆ ಮಡಚಿಹೋಗುವುದು ನನಗೆ ಕಾಣಿಸಿತು. ನನ್ನ ಮಗಳು ನನ್ನ ಮಾನ ಉಳಿಸಲು ತನ್ನ ಕೆಲಸವನ್ನು ಬಲಿಕೊಡುತ್ತಿದ್ದಳು. ನನಗೆ ಕುಳಿತಿರಲು ಆಗಲಿಲ್ಲ.

ಎದ್ದು ನಿಂತೆ. "ಭರತ್‌ಭಾಯಿ, ಅದು ನನ್ನ ಹೆಲ್ಮೆಟ್. ಒಂಬತ್ತು ವರ್ಷದಲ್ಲಿ ನಾನು ಗಿರಣಿ ಬಳಸಿದ್ದು ಅದೊಂದು ವಾರ ಮಾತ್ರ. ಸುಳ್ಳು ಹೇಳಿದೆ. ಮಕ್ಕಳ ತಪ್ಪೇನೂ ಇಲ್ಲ" ಎಂದೆ. ನನ್ನ ತ್ಯಾಗವನ್ನು ನಾನೇ ಮೆಚ್ಚಿಕೊಂಡೆ.

"ಥ್ಯಾಂಕ್ಯೂ ಅಂಕಲ್, ನಮಗೆ ಗೊತ್ತಿತ್ತು" ಎಂದಳು ಐನೋ. "ನೀವೇ ಹೇಳುವವರೆಗೂ ಹೇಳುವುದು ಬೇಡ ಅಂತ ಮೇಘನಾ ಕೇಳಿಕೊಂಡಿದ್ದಳು." ಡಿಯೇಗೋ ಗುಂಡಿ ಒತ್ತಿದ. ಮುಂದಿನ ಚಿತ್ರ ಗೋಡೆ ತುಂಬ ಬಂತು: ಗಿರಣಿ, ಅದರ ಮೇಲೆ ನನ್ನ ಹೆಲ್ಮೆಟ್, ಹೆಲ್ಮೆಟ್ಟಿನ ಮೇಲೆ ನಾನೇ ಬರೆದಿದ್ದ ನನ್ನ ಹೆಸರು. ಪಕ್ಕದಲ್ಲಿ ಐನೋಳ ಮೊದಲ ದಿನದ ಟಿಪ್ಪಣಿ. 'ಪ್ಲಗ್ ಹೊಚ್ಚಹೊಸದು. ಚೀಲ ಕರ್ನಾಟಕದ ಪದ್ಧತಿ' ಎಂದಿತ್ತು. 'ಕರ್ನಾಟಕದ' ಎಂಬುದನ್ನು ಹೊಡೆದುಹಾಕಿ ಮೇಘನಾ 'ಪಪ್ಪನ' ಎಂದು ತಿದ್ದಿದ್ದಳು.

ಭರತ್‌ಭಾಯಿ ಎಷ್ಟು ನಕ್ಕರೆಂದರೆ ನೀರು ತರಿಸಬೇಕಾಯಿತು. "ಅಮಾರೇ ಘೇರ್ ಪಣ್!" ಎಂದರು. ಅವರ ಮನೆಯಲ್ಲೂ, ಗಿರಣಿ ಮಾಡುವವರ ಮನೆಯಲ್ಲೇ, ಗಿರಣಿಯ ಮೇಲೆ ಇಸ್ತ್ರಿ ಬಟ್ಟೆಯ ರಾಶಿ ಇದೆಯಂತೆ. ಮ್ಯಾನೇಜರ್ ತನ್ನ ಮನೆಯದರ ಮೇಲೆ ಮೀನಿನ ತೊಟ್ಟಿ ಇದೆ ಎಂದು ಒಪ್ಪಿಕೊಂಡ. ಮಕ್ಕಳು ಕಂಡುಹಿಡಿದದ್ದು ಇದನ್ನೇ: ಮೇಲಿನದನ್ನೆಲ್ಲ ಇಳಿಸಿದರೆ ಮಾತ್ರ ಮುಚ್ಚಳ ತೆಗೆಯಬಹುದು, ಇಳಿಸುವ ಸೋಮಾರಿತನಕ್ಕೇ ಯಾರೂ ಬೀಸುವುದಿಲ್ಲ. ಹೊಸ ಗಿರಣಿಯಲ್ಲಿ ಕಾಳನ್ನು ಎದುರಿನಿಂದ ಸುರಿಯಬಹುದು. ಮೇಲೆ ಅಂಚು ಕಟ್ಟಿದ ಚಪ್ಪಟೆ ಜಾಗ. ಹೆಲ್ಮೆಟ್ ಇಳಿಸಲೇಬೇಕಾಗಿಲ್ಲ!

ವಿನ್ಯಾಸ ಒಪ್ಪಿಗೆಯಾಯಿತು. ರೈಲಿನಲ್ಲಿ ವಾಪಸ್ ಬರುವಾಗ ಮೇಘನಾ ನನ್ನ ಭುಜಕ್ಕೆ ಒರಗಿ, "ಲೇಟಾದ್ರೂ ಹೇಳಿದ್ಯಲ್ಲಾ ಪಪ್ಪಾ" ಎಂದಳು. ನನಗೆ ಅಷ್ಟು ಸಾಕಾಗಿತ್ತು. ಭರತ್‌ಭಾಯಿಗೆ ಸಾಕಾಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ, ಪ್ರೇರಣೆ ಕೊಟ್ಟ ಗ್ರಾಹಕನಿಗೆ ಕಾಣಿಕೆ ಎಂದು ಹೊಸ ಮಾದರಿಯ ಮೊದಲ ಗಿರಣಿಯನ್ನೇ ಮನೆಗೆ ಕಳಿಸಿಕೊಟ್ಟರು.

ವನಜಾ ಎರಡನ್ನೂ ಅಕ್ಕಪಕ್ಕ ಇಡಿಸಿ, ಸ್ವಲ್ಪ ಹೊತ್ತು ನೋಡಿದಳು.

"ರೀ, ಗಿರಣಿ ಎರಡಾಯ್ತು, ಹೆಲ್ಮೆಟ್ ಒಂದೇ ಇದೆ. ಇನ್ನೊಂದು ತನ್ನಿ" ಎಂದಳು.

"ಹಾಗಲ್ಲ, ಇದನ್ನ ನಾನು ದಿನಾ ಬಳಸ್ತೀನಿ ನೋಡು" ಎಂದೆ.

ಅದಾಗಿ ಎರಡು ತಿಂಗಳಾಯಿತು. ಹೊಸದರೊಳಗೆ ರಾಜ ರಾಣಿಗೆ ಮೊದಲಿಗಿಂತ ಜಾಗ ಚೆನ್ನಾಗಿದೆ. ಪ್ಲಗ್ ಪ್ಲಾಸ್ಟಿಕ್ ಚೀಲದಲ್ಲಿದೆ. ಯಾರಾದರೂ ಕೇಳಿದರೆ, ನಮ್ಮ ಮನೆಯ ಪದ್ಧತಿ ಎನ್ನುತ್ತೇನೆ.