ಗಂಗಾಧರಯ್ಯನ ಉಪ್ಪಿನ ಪರೀಕ್ಷೆ

ಶಿರಾದ ಕಡಲೆಕಾಯಿ ಮಂಡಿಯಲ್ಲಿ ತೂಕ ಹಾಕುವ ಗಂಗಾಧರಯ್ಯ ಮೂಟೆಗಳ ನಡುವೆ ನಿಂತರೆ ಅವನೂ ಒಂದು ಮೂಟೆಯೇ. ಬಿ.ಪಿ. ಏರಿತೆಂದು ಹೋದಾಗ ಡಾಕ್ಟರು ಹೇಳಿದರು:

“ಮೈಕೊಬ್ಬಿನಿಂದ ಲೆಪ್ಟಿನ್ ಅನ್ನೋ ಹಾರ್ಮೋನು ಹೊರಡುತ್ತೆ. ‘ಉಪ್ಪು ಹೊರಗೆ ಹಾಕು’ ಅಂತ ಮೂತ್ರಪಿಂಡಕ್ಕೆ ಹೇಳೋದು ಅದರ ಒಂದು ಕೆಲಸ. ಕೊಬ್ಬು ಮಿತಿಮೀರಿದ್ರೆ, ಲೆಪ್ಟಿನ್ ಎಷ್ಟು ಕೂಗಿದ್ರೂ ಮೂತ್ರಪಿಂಡ ಕಿವಿಗೆ ಹಾಕ್ಕೊಳ್ಳಲ್ಲ.”

“ನಮ್ಮನೇಲಿ ನನ್ನ ಮಾತಿದ್ದಂಗೆ,” ಎಂದಳು ಹೆಂಡತಿ ಲಕ್ಷ್ಮೀದೇವಿ.

ಎಷ್ಟು ಉಪ್ಪು ಹೊರಬರುತ್ತದೆಂದು ನೋಡಲು, ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಹಿಡಿದು ತರಲು ಡಾಕ್ಟರು ಕ್ಯಾನು ಕೊಟ್ಟರು. ಪರೀಕ್ಷೆ ಚೆನ್ನಾಗಿ ಬರುವವರೆಗೆ ಲಕ್ಷ್ಮೀದೇವಿ ಉಪ್ಪಿನಕಾಯಿ ಜಾಡಿಯನ್ನು ದೇವರ ಗೂಡಿನಲ್ಲಿಟ್ಟಳು. ಅಲ್ಲಿಂದ ಕದಿಯುವ ಧೈರ್ಯ ಗಂಗಾಧರಯ್ಯನಿಗಿರಲಿಲ್ಲ. ಉಪ್ಪಿನಕಾಯಿಯಿಲ್ಲದ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಕ್ಯಾನು ಹಿಡಿದೇ ಮಂಡಿಗೆ ಹೋದ.

“ಏನಣ್ಣ, ಗಾಣದೆಣ್ಣೇನಾ? ನಂಗೂ ಒಂದ್ ಲೋಟ ಬುಡು,” ಎಂದು ಹಮಾಲಿ ತಿಪ್ಪೇಶ ಮುಚ್ಚಳಕ್ಕೇ ಕೈಹಾಕಿದ.

“ಮುಟ್ಬ್ಯಾಡ ಕಣ್ಲಾ! ಅದು ನಂದು!”

“ನಿಂದು ಅಂತ ತಾನೆ ಕೇಳ್ತಿರೋದು!”

ನಿಜ ಹೇಳದೆ ವಿಧಿಯಿರಲಿಲ್ಲ. ಅಲ್ಲಿಂದ ಮುಂದೆ ಗಂಗಾಧರಯ್ಯ ಎದ್ದಾಗಲೆಲ್ಲ ವ್ಯಾಪಾರ ನಿಂತು, ಮಂಡಿಯ ಕಣ್ಣೆಲ್ಲ ಕ್ಯಾನಿನ ಮೇಲೆ.

ತಿಪ್ಪೇಶ ಬುದ್ಧಿ ಹೇಳಿದ: “ಉಪ್ಪು ಈಚೆಗೆ ಬರ್ಬೇಕು, ಅಷ್ಟೇ ತಾನೆ? ಬರ್ದಿದ್ರೆ ನೀನೇ ಒಂದಿಷ್ಟು ಹಾಕ್ಬುಡಣ್ಣ. ಜಾಡಿ ಕೆಳಗಿಳೀತದೆ.”

ಸಂಜೆ ಗಂಗಾಧರಯ್ಯ ಹೆಂಡತಿಯ ಮುಂದೆ ಮಂಡಿಯವರ ಕಾಟವನ್ನೆಲ್ಲ ಹೇಳಿಕೊಂಡ. ಆಮೇಲೆ ಬಚ್ಚಲಿಗೆ ಹೋಗಿ, ‘ನರಸಿಂಹಸ್ವಾಮಿ, ಕ್ಷಮಿಸಪ್ಪಾ’ ಎಂದು ಕ್ಯಾನಿಗೆ ಒಂದು ಹಿಡಿ ಉಪ್ಪು ಸುರಿದು ಕುಲುಕಿದ.

ಮಾರನೆಯ ದಿನ ಫಲಿತಾಂಶ ನೋಡಿ ಡಾಕ್ಟರು ಕನ್ನಡಕ ತೆಗೆದರು. “ಒಬ್ಬ ಮನುಷ್ಯ ಉಪ್ಪು ತಿಂದಿದ್ದು ಎಷ್ಟು ಅಂತ ಹೊರಗೆ ಬಂದ ಉಪ್ಪೇ ಹೇಳುತ್ತೆ. ಇದೇನ್ರೀ, ಸಮುದ್ರ ಕುಡಿದಿದ್ದೀರಾ?”

ಗಂಗಾಧರಯ್ಯ ಕೈಮುಗಿದ. “ತಪ್ಪಾಯ್ತು ಸಾರ್. ಒಂದು ಹಿಡಿ ನಾನೇ ಹಾಕ್ಬುಟ್ಟೆ.”

“ಒಂದು ಹಿಡಿಗೆ ಇಷ್ಟು ಬರಲ್ಲ.”

ಲಕ್ಷ್ಮೀದೇವಿ ಸೆರಗು ತಿರುಚುತ್ತ ಮೆಲ್ಲಗೆ ಹೇಳಿದಳು: “ಮಂಡಿಯೋರೆಲ್ಲ ಕಣ್ಣು ಹಾಕಿದ್ರಂತೆ ಸಾರ್. ಕ್ಯಾನಿಗೆ ದೃಷ್ಟಿ ತೆಗ್ದೆ. ನಿವಾಳಿಸಿದ ಉಪ್ಪು ನೀರಲ್ಲಿ ಕರಗ್ಬೇಕಲ್ವಾ? ನಿನ್ನೆ ನಲ್ಲಿ ಬಂದಿರ್ಲಿಲ್ಲ, ಅದಕ್ಕೇ ಕ್ಯಾನಲ್ಲೇ...”

ಡಾಕ್ಟರು ಇನ್ನೊಂದು ಕ್ಯಾನು ಮುಂದಿಟ್ಟರು. ಅದು ಮೊದಲಿನದಕ್ಕಿಂತ ದೊಡ್ಡದು.

ದಾರಿಯಲ್ಲಿ ತಿಪ್ಪೇಶ ಎದುರಾದ. “ಅಬ್ಬಬ್ಬಾ! ಏನ್ ಕ್ಯಾನಣ್ಣಾ ಇದು!”

ಲಕ್ಷ್ಮೀದೇವಿ ತಟ್ಟನೆ ಕ್ಯಾನಿಗೆ ಸೆರಗು ಮುಚ್ಚಿದಳು.

“ಬೇಗ ನಡೀರಿ ಮನೆಗೆ,” ಎಂದಳು. “ಮೊದ್ಲು ಇದಕ್ಕೆ ದೃಷ್ಟಿ ತೆಗೀಬೇಕು.”