ತಂಗೆವ್ವನ ನಾಲಿಗೆಗೆ ಕೆಫಿರ್ ಯಂತ್ರ

"ತಂಗೆವ್ವಾ, ಇತ್ತ ನೋಡು! ಇನ್ನ ನಿನ್ನ ನಾಲಿಗಿ ಹೆಂಗ ಸುಮ್ಮನಿರ್ತೈತಿ ನೋಡ್ತೀನಿ!"

ಅಡಿವೆಪ್ಪ ಹಳೆಯ ವಾಷಿಂಗ್ ಮಷೀನಿನ ಮೇಲಿನ ಚಾದರ ಎಳೆದ. ಧಾರವಾಡದಲ್ಲಿ ರೇಡಿಯೊ ರಿಪೇರಿ ಮಾಡುತ್ತಲೇ ಮುಪ್ಪಾದವನು ಅವನು. ಅವನೇ ಕಟ್ಟಿದ ಯಂತ್ರಗಳು ಒಂದೂ ನೆಟ್ಟಗೆ ನಡೆದದ್ದಿಲ್ಲ. ಆದರೂ ಹೆಂಡತಿ ದಿಂಬಿಗೊರಗಿ ಎದ್ದು ಕೂತಳು. ಗಂಟಲ ಗಡ್ಡೆಗೆ ಆಸ್ಪತ್ರೆಯಲ್ಲಿ ರೇಡಿಯೇಶನ್ ಕರೆಂಟು ಕೊಡಿಸಿಕೊಳ್ಳತೊಡಗಿದಾಗಿನಿಂದ ಅವಳ ಬಾಯಿಗೆ ಅನ್ನವೂ ಒಂದೇ, ಮಣ್ಣೂ ಒಂದೇ. ತೂಕ ಇನ್ನೂ ಇಳಿದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಇವು ಕೆಫಿರ್ ಕಾಳು. ಹಾಲಿಗೆ ಹಾಕಿದ್ರ ಮೊಸರಿನಂಗ ಹುಳಿ ಬರ್ತೈತಿ. ಹಾಲು ಬ್ಯಾರೆ ಆದ್ರ ರುಚೀನೂ ಬ್ಯಾರೆ! ನಿನ್ನ ನಾಲಿಗಿಗೆ ಈ ವಾಯರ್. ರುಚಿ ಹತ್ತಿ ಈ ಮೀಟರಿನ ಮುಳ್ಳು ಏಳೂತನಕ ಮಷೀನು ನಿಲ್ಲೂದಿಲ್ಲ!"

ಆಕಳ ಹಾಲಿನದು ಗಳಿಗೆಯಲ್ಲೇ ಹುಳಿಯಿತು. ತಂಗೆವ್ವನಿಗೆ ಬರೀ ನೀರು ಕುಡಿದಂತಾಯಿತು. ಎಮ್ಮೆ ಹಾಲಿನದು ಬೆಣ್ಣೆಯಂತೆ ದಪ್ಪ. ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತೇ ಹೊರತು ಮುಳ್ಳು ಏಳಲಿಲ್ಲ.

ಮಷೀನಿಗೆ ಸಿಟ್ಟು ಬಂತೋ ಏನೋ! ಗುರ್ ಎಂದು ತಿರುಗತೊಡಗಿತು. ಹೂಕೋಸಿನ ಚೂರಿನಷ್ಟಿದ್ದ ಕಾಳುಗಳು ಕುಂಬಳಕಾಯಿಯಷ್ಟಾಗಿ ಮುಚ್ಚಳವನ್ನು ಹಾರಿಸಿದವು.

"ಬಂದ್ ಮಾಡ್ರೀ!"

"ಬಂದ್ ಮಾಡೂ ಗುಂಡೀನಽ ಇಟ್ಟಿಲ್ಲ!"

ಪ್ಲಗ್ ಕಿತ್ತರೂ ನಿಲ್ಲಲಿಲ್ಲ. ಹುಳಿಯಿಂದ ತಾವೇ ಕರೆಂಟು ಮಾಡಿಕೊಂಡ ಕಾಳುಗಳು ಓಣಿಗಿಳಿದವು. ಹಾಲಿನವನ ಕ್ಯಾನು ಬರಿದಾಯಿತು. ಚಹದಂಗಡಿಯ ಪಾತೇಲಿ ಬರಿದಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಹಸೀನಾಬಿ ಕೂಗಿಕೊಂಡಳು: "ಅಯ್ಯೋ, ನನ್ನ ಆಡಿನ ಕೆಚ್ಚಲಕ್ಕ ಹತ್ಯಾವು!"

ಜನ ಬಡಿಗೆ ಹಿಡಿದು ಬಂದರು. ಅಡಿವೆಪ್ಪ ಹೊಸ್ತಿಲ ಮೇಲೆ ಕುಸಿದ. "ಇದೂ ನನ್ನ ಕೈಲೆ ಆಗಲಿಲ್ಲ" ಎಂದ. ತಂಗೆವ್ವ ಅವನ ಬೆನ್ನನ್ನೇ ನೋಡಿದಳು. ಅಂಜಿಕೆಯಾಗಿದೆ ಎಂದು ಈ ಮನುಷ್ಯ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅದರ ಬದಲು ಹಗಲೆಲ್ಲ ತಗಡು ಬಡಿದಿದ್ದ.

ಆಡನ್ನು ಹಿಂಡಿದರೆ ನೊರೆನೊರೆಯಾದ ಕೆಫಿರ್ ಬಂತು! ಹಸೀನಾಬಿ ಬಟ್ಟಲು ತಂದಳು. "ಅಕ್ಕಾ, ಒಂದ ಗುಟುಕು ನೋಡ್ರಿ."

ಗಂಡನ ಸಮಾಧಾನಕ್ಕೆಂದು ತಂಗೆವ್ವ ಕುಡಿದಳು. ಮುಖ ಕಿವುಚಿಕೊಂಡಿತು.

"ಥೂ! ಹುಳಿ! ಆಡಿನ ನಾತ ಬ್ಯಾರೆ!"

ಮುಳ್ಳು ಟಣ್ಣೆಂದು ಎದ್ದಿತು. ಮಷೀನು ನಿಂತಿತು, ಓಣಿಯ ಕಾಳುಗಳೂ ಮುದುರಿಕೊಂಡವು. ಅಡಿವೆಪ್ಪ ಮಗುವಿನಂತೆ ಅತ್ತ. ತಂಗೆವ್ವ ಬಟ್ಟಲು ಖಾಲಿ ಮಾಡಿದಳು.

ಅಂದಿನಿಂದ ಆಡು ಕೆಫಿರನ್ನೇ ಕೊಟ್ಟಿತು, ತಂಗೆವ್ವನ ತೂಕ ಇಳಿಯಲಿಲ್ಲ. ಚಿಕಿತ್ಸೆಯೂ ಮುಗಿಯಿತು. ಗಡ್ಡೆ ಮಾತ್ರ ಕರಗಲಿಲ್ಲ. "ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ" ಎಂದರು ಡಾಕ್ಟರು.

ಆಟೋದಲ್ಲಿ ಬರುವಾಗ ಅಡಿವೆಪ್ಪ ತಡವರಿಸಿದ. "ಇನ್ನೊಂದು ಮಷೀನು ಮಾಡ್ತೀನಿ..."

ತಂಗೆವ್ವ ಅವನ ಕೈ ಹಿಡಿದಳು. "ಮಷೀನು ಸಾಕ್ರಿ. ಆಡಿಗೆ ಬೇವಿನ ತಪ್ಪಲ ಹಾಕಬ್ಯಾಡ ಅಂತ ಹಸೀನಾಗ ಹೇಳ್ರಿ. ಸಾಯೂತನಕ ಕುಡಿಯೂದೈತಿ, ಕಹಿ ಯಾಕ ಕುಡೀಲಿ?"