ಅತ್ತೆಗೊಂದು ಹಾಡುವ ಜಾಗ

ನಮ್ಮ ಅತ್ತೆ ನನಗೆ ಒಂದು ದಿನವೂ ಕಾಟ ಕೊಡಲಿಲ್ಲ. ಸೊಸೆಯಾದವಳಿಗೆ ಇದಕ್ಕಿಂತ ದೊಡ್ಡ ಕಷ್ಟ ಇನ್ನೇನಿದೆ ಹೇಳಿ? ಪಂಚಮಿಗೆಂದು ಮುದ್ದೇಬಿಹಾಳದ ತವರಿಗೆ ಹೋದರೆ ಇಂಡಿಯಿಂದ ಅಕ್ಕನೂ ಬಂದಿರುತ್ತಿದ್ದಳು. ಬಂದವಳೇ ಉಂಡಿ ಕಟ್ಟುತ್ತ ಅವಳ ಅತ್ತೆಯ ಕಥೆ ತೆಗೆಯುತ್ತಿದ್ದಳು. ಎಣ್ಣೆ ಅಳೆದು ಕೊಡುತ್ತಾಳಂತೆ, ಬೆಲ್ಲಕ್ಕೆ ಬೀಗ ಹಾಕುತ್ತಾಳಂತೆ, ತವರಿಗೆ ಕಳಿಸುವಾಗ ಎರಡು ದಿನ ಮಾತು ಬಿಡುತ್ತಾಳಂತೆ. ಕೇಳಿದವರೆಲ್ಲ ಪಾಪ ಪಾಪ ಎಂದು ಅವಳ ಕಡೆಗೇ ಒಂದು ಉಂಡಿ ಹೆಚ್ಚಿಗೆ ಸರಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮತ್ತಿ ಹ್ಯಾಂಗದಾರವಾ?" ಎಂದರೆ ಏನು ಹೇಳಲಿ? ನಮ್ಮತ್ತೆ ಭೂಮಿಯ ಒಳಗೆ ಕುಳಿತು ಹಾಡುತ್ತಾರೆ ಎನ್ನಲೇ? "ಚೊಲೋ ಅದಾರ" ಎಂದು ಹೇಳಿ ತಲೆ ತಗ್ಗಿಸುತ್ತಿದ್ದೆ. ಅಕ್ಕನ ಹಣೆಯಲ್ಲಿ ಕಾಟ ಬರೆದಿತ್ತು, ನನ್ನ ಹಣೆಯಲ್ಲಿ ನಾಚಿಕೆ. ಕಾಟವನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರಾಗಬಹುದು. ನಾಚಿಕೆಯನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತಿದು. ನನ್ನನ್ನು ಕೊಟ್ಟದ್ದು ದೇವರ ಹಿಪ್ಪರಗಿಗೆ. ಮನೆಯಲ್ಲಿ ಮೂರೇ ಜನ: ಅತ್ತೆ, ಸಾಲಿ ಮಾಸ್ತರರಾಗಿದ್ದ ನಮ್ಮ ಮನೆಯವರು, ಮತ್ತು ನಾನು. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಊರಿನ ಮಠದಲ್ಲಿ ಸೋಮವಾರಕ್ಕೊಮ್ಮೆ ಭಜನೆ ನಡೆಯುತ್ತಿತ್ತು. ಗಂಡಸರು ಹಾಡುವುದು, ಹೆಂಗಸರು ಕಂಬದಾಚೆ ಕುಳಿತು ಕೇಳುವುದು, ಅದು ಮೊದಲಿನಿಂದ ನಡೆದುಬಂದ ರೀತಿ. ಒಂದು ಸೋಮವಾರ ಮಠದ ಸ್ವಾಮಿಗಳಾದ ಅಜ್ಜನವರು ಪ್ರಸಾದ ಕೊಡುವಾಗ ಚೇಷ್ಟೆಗೆಂದು ಅತ್ತೆಗೆ, "ಬರೇ ಕೇಳೂದ ಆತಲ್ಲವಾ ನಿಂದು, ನೀನೂ ಒಂದು ಪದ ಹಾಡು" ಎಂದುಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಸೆರಗು ಬಾಯಿಗೆ ಹಿಡಿದು ನಕ್ಕು ಮುಂದೆ ಹೋಗುತ್ತಿದ್ದರು. ನಮ್ಮತ್ತೆ ಅಲ್ಲಿಯೇ ನಿಂತು, "ಆತ್ರಿ ಯಪ್ಪಾ. ಶ್ರಾವಣದ ಕಡೀ ಸೋಮವಾರ ಹಾಡ್ತೇನಿ" ಎಂದು ಎಲ್ಲರೆದುರು ಮಾತು ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ನನಗೆ ಹೇಳಿದರು, "ಸಣ್ಣಾಕಿ ಇದ್ದಾಗ ತವರೂರು ಕನ್ನೊಳ್ಳ್ಯಾಗ ನಾ ಬೀಸಾಕ ಕುಂತ್ರ ನನ್ನ ಹಾಡು ಓಣಿ ತುಂಬ ಕೇಳಸ್ತಿತ್ತು. ಈ ಹಿಟ್ಟಿನ ಗಿರಣಿ ಬಂತು ನೋಡವಾ, ಬೀಸೂದು ತಪ್ಪಿತು, ಹಾಡೂದೂ ತಪ್ಪಿತು. ಗಿರಣ್ಯಾಗ ಪಾಳಿ ಹಚ್ಚಿ ನಿಂತು ಹಾಡಾಕ ಬರ್ತೈತೇನ? ಸಾಯೂದ್ರೊಳಗ ಒಮ್ಮೆರ ನಾಕು ಮಂದ್ಯಾಗ ಕುಂತು ಹಾಡಬೇಕು."

ನಾನು ಹೂಂ ಎಂದೆ. ಆಗಿನ್ನೂ ಹೊಸ ಸೊಸೆ, ಹೂಂ ಎನ್ನುವುದರಿಂದ ಏನೇನಾಗುತ್ತದೆ ಎಂಬುದು ಗೊತ್ತಿರಲಿಲ್ಲ.

ಮೊದಲು ಹಾರ್ಮೋನಿಯಂ ಬಂತು. ಆಲಮೇಲದಲ್ಲಿ ಕ್ಯಾಂಪು ಹಾಕಿದ್ದ ಯಾವುದೋ ನಾಟಕ ಕಂಪನಿ ಒಡೆದುಹೋಗಿ ಸಾಮಾನು ಸಿಕ್ಕವರಿಗೆ ಸಿಕ್ಕಷ್ಟಕ್ಕೆ ಮಾರುತ್ತಿತ್ತು. ಅತ್ತೆ ಒಂದು ಚೀಲ ಜೋಳ ಹಾಕಿ ಅದನ್ನು ಚಕ್ಕಡಿಯಲ್ಲಿ ತರಿಸಿದರು. ಅದರ ತಿದಿಯಲ್ಲಿ ಎಲ್ಲೋ ತೂತಿತ್ತು. ಸ್ವರ ಹೊರಡುವ ಮೊದಲು ಒಂದು ದೊಡ್ಡ ನಿಟ್ಟುಸಿರು ಬರುತ್ತಿತ್ತು. ಸಾಲಿಯಿಂದ ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, "ಏನಬೇ ಇದು?" ಎಂದರು.

"ಪೇಟಿ. ಕಣ್ಣು ಕಾಣಂಗಿಲ್ಲೇನು ಮಾಸ್ತರಗ?"

"ಯಾರು ಬಾರಸ್ತಾರ?"

"ನಿಮ್ಮಪ್ಪಂತೂ ಎದ್ದು ಬರಂಗಿಲ್ಲಲ್ಲ. ನಾನ ಬಾರಸ್ತೇನಿ."

ಇನ್ನು ಎಲ್ಲಿ ಕುಳಿತು ಹಾಡುವುದು ಎಂಬ ಪ್ರಶ್ನೆ. ಮೊದಲು ಹೊರಗಿನ ಕಟ್ಟೆಯಾಯಿತು, ಅಲ್ಲಿ ಗಾಳಿ ಚೆನ್ನಾಗಿದೆ ಎಂದು. ಅದು ಸಂತೆಯ ದಿನ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಳ್ಳಿಗಳಿಂದ ಬಂದ ಜನ ಹಾರ್ಮೋನಿಯಂ ಕಂಡು ಗುಂಪುಗೂಡಿದರು. ಹೆಗಲ ಮೇಲೆ ಚೀಲ ಹೊತ್ತ ಒಬ್ಬ ಗೌಡರು ಮುಂದೆ ಬಂದು, "ನಾಟಕ ಎಷ್ಟೊತ್ತಿಗಿ ಸುರು ಆಗ್ತೈತ್ರಿ?" ಎಂದು ವಿಚಾರಿಸಿದರು. ಅತ್ತೆ ತಲೆಯೆತ್ತದೆ, "ಸುರು ಆಗೇತಲ್ಲಪಾ, ಕುಂಡ್ರು" ಎಂದರು. ಆ ಮಹಾರಾಯರು ಕುಳಿತೇಬಿಟ್ಟರು! ನಾನು ಬಾಗಿಲ ಹಿಂದೆ ನಿಂತು ಎರಡೂ ಕಿವಿ ಮುಚ್ಚಿಕೊಂಡಿದ್ದೆ.

ಮರುದಿನದಿಂದ ಬೈಠಕ್ಕು ದನದ ಕೊಟ್ಟಿಗೆಗೆ ಹೋಯಿತು. ಅಲ್ಲಿ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತು. ನಾನು ಕೆಚ್ಚಲು ನೀವಿದೆ, ಹಿಂಡಿ ಇಟ್ಟೆ, ಕೈಮುಗಿದೆ, ಏನು ಮಾಡಿದರೂ ಒಂದು ಹನಿ ಇಲ್ಲ. ಅತ್ತೆಗೆ ಹೇಳಿದರೆ ಅವರಿಗೆ ಸಿಟ್ಟು ಬಂದದ್ದು ಎಮ್ಮೆಯ ಮೇಲೆ. "ಎಮ್ಮಿಗೇನು ತಾಳ ತಿಳೀತೈತಿ? ಆಕಳಾಗಿದ್ರ ಕೇಳತಿತ್ತು" ಎಂದು ಹಾರ್ಮೋನಿಯಂ ಎತ್ತಿಕೊಂಡು ಎದ್ದರು.

ಎದ್ದವರ ಕಣ್ಣು ಅಂಗಳದ ಹಗೇವಿನ ಮೇಲೆ ಬಿತ್ತು. ಜೋಳ ತುಂಬಿಡಲೆಂದು ನೆಲದೊಳಗೆ ತೋಡಿದ ಹಗೇವು ನಮ್ಮ ಕಡೆ ಒಕ್ಕಲುತನದವರ ಮನೆಗಳಲ್ಲಿ ಇರುತ್ತಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಕೂಡಿಟ್ಟರೆ ಬಹಳ ದಿನ ಬಾಳದ ಹೈಬ್ರಿಡ್ ಜೋಳ ಬಂದ ಮೇಲೆ ನಮ್ಮ ಹಗೇವು ಖಾಲಿ ಬಿದ್ದಿತ್ತು. ಅತ್ತೆ ಅದರ ಮೇಲಿನ ಕಲ್ಲು ಸರಿಸಿ ಕೆಲವು ದಿನ ಗಾಳಿಯಾಡಲು ಬಿಟ್ಟರು. ಕಂದೀಲು ಇಳಿಬಿಟ್ಟು ಅದು ಆರುವುದಿಲ್ಲವೆಂದು ನೋಡಿದರು. ಆಮೇಲೆ ಏಣಿ ಇಳಿಸಿ, ಹಗ್ಗದಲ್ಲಿ ಹಾರ್ಮೋನಿಯಂ ಇಳಿಸಿ, ಕಡೆಗೆ ತಾವೂ ಇಳಿದರು. ಆ ದೇಹ ಆ ಬಾಯಿಯೊಳಗೆ ಹೇಗೆ ಇಳಿಯಿತೋ ಆ ದೇವರೇ ಬಲ್ಲ. ನಾನು ಮೇಲೆ ನಿಂತು ಕಿವಿಗೊಟ್ಟೆ. ಒಳಗಿನಿಂದ ಒಂದು ಗುಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಅಂತೂ ಮರ್ಯಾದೆ ಉಳಿಯಿತು ಎಂದು ಒಲೆ ಹೊತ್ತಿಸಲು ಹೋದೆ.

ಆದರೆ ಪಕ್ಕದ ಮನೆಯ ಶಾಂತಕ್ಕನ ಹಗೇವು ನಮ್ಮ ಹಗೇವಿಗೆ ಬೆನ್ನು ಹಚ್ಚಿಕೊಂಡೇ ಇತ್ತು. ನಡುವೆ ಇದ್ದದ್ದು ಗೇಣು ಮಣ್ಣು. ಅವರ ಅಂಗಳದಲ್ಲಿ ನೆಲ ಹಾಡತೊಡಗಿತು! ಶಾಂತಕ್ಕ ಒಂದು ಗಳಿಗೆ ಕಿವಿಗೊಟ್ಟವರೇ ಒಳಗೆ ಓಡಿ ಅರಿಷಿಣ ಕುಂಕುಮ ತಂದರು, ಊದಿನಕಡ್ಡಿ ಹಚ್ಚಿದರು, ಓಣಿಯ ಹೆಂಗಸರನ್ನೆಲ್ಲ ಕರೆದರು. ಒಳಗೆ ಲಿಂಗ ಉದ್ಭವ ಆಗಿದೆ ಎಂದು ಯಾರೋ ಹೇಳಿದರು. ಇನ್ಯಾರೋ ತಮಗೆ ಮೊನ್ನೆಯೇ ಕನಸು ಬಿದ್ದಿತ್ತು ಎಂದರು. ಶಾಂತಕ್ಕ ಹಗೇವಿನ ಬಾಯಿಗೆ ಕೈಮುಗಿದು ಟಪ್ಪೆಂದು ಕಾಯಿ ಒಡೆದರು. ಕೂಡಲೇ ಭೂಮಿಯೊಳಗಿಂದ ಮಾತು ಬಂತು:

"ಶಾಂತಕ್ಕಾ, ಕಾಯಿ ಒಡದ್ರೇನವಾ? ಒಂದು ಹೋಳು ಇಲ್ಲೂ ಇಳಿಬಿಡ್ರಿ, ಗಂಟಲಾ ಒಣಗೇತಿ."

ಹೆಂಗಸರ ದಂಡು ನಮ್ಮ ಅಂಗಳಕ್ಕೆ ಬಂತು. ಭಕ್ತಿಯೆಲ್ಲ ಸಿಟ್ಟಾಗಿತ್ತು. ಗದ್ದಲ ಕೇಳಿ ಅತ್ತೆ ಏಣಿ ಹತ್ತಿದರು, ಹತ್ತಿ ಹತ್ತಿ ಸೊಂಟದ ಹತ್ತಿರ ಸಿಕ್ಕಿಹಾಕಿಕೊಂಡರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎಲೆ ಅಡಿಕೆಯ ಚೀಲ ಅಡ್ಡ ಬಂದಿತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ. ನಾನು ಒಂದು ತೋಳು, ಬೈಯುತ್ತಲೇ ಶಾಂತಕ್ಕ ಇನ್ನೊಂದು ತೋಳು ಹಿಡಿದು ಎಳೆಯುತ್ತಿದ್ದಾಗ, ಯಾರೋ ಕೆಮ್ಮಿದ್ದು ಕೇಳಿ ತಿರುಗಿ ನೋಡಿದೆ. ತಲೆಬಾಗಿಲಲ್ಲಿ ನಮ್ಮಪ್ಪ ನಿಂತಿದ್ದರು. ಮುದ್ದೇಬಿಹಾಳದಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿಯ ನಮ್ಮಪ್ಪ, ರುಮಾಲಿನ ಒಂದು ಸುತ್ತು ಸಡಿಲಾದರೂ ಮನೆಯಿಂದ ಹೊರಬೀಳದ ಮನುಷ್ಯ. ನನ್ನನ್ನು ಪಂಚಮಿಗೆ ಕರೆಯಲು ಬಂದಿದ್ದರು. ಅವರ ಬೀಗತಿ ಅರ್ಧ ನೆಲದ ಮೇಲೆ, ಅರ್ಧ ನೆಲದ ಒಳಗೆ.

ಅತ್ತೆ ಸೆರಗು ಸಹ ಸರಿಮಾಡಿಕೊಳ್ಳಲಿಲ್ಲ. "ಬರ್ರಿ ಬೀಗರ, ಈಗ ಬಂದ್ರೇನು? ತಂಗಿ, ನನ್ನ ಬಿಟ್ಟು ಮದಲ ಅವರ ಕೈಕಾಲಿಗೆ ನೀರು ಕೊಡು. ಕುಂಡ್ರರಿ, ನಾ ಬಂದೆ" ಎಂದರು.

ಅಪ್ಪ ಬೇವಿನ ಗಿಡದ ಕಡೆ ನೋಡುತ್ತ, "ಸಾವಕಾಶ ಬರ್ರಿ ಅಕ್ಕಾವರ, ನಮಗೇನು ಗಡಿಬಿಡಿ ಇಲ್ಲ" ಎಂದರು. ಆ ಹೊತ್ತಿಗೆ ಆ ಹಗೇವು ನನ್ನನ್ನೇ ನುಂಗಬಾರದಿತ್ತೇ ಎನಿಸಿತು. ಬಸ್ಸಿನಲ್ಲಿ ಅಪ್ಪ ಬಾಗೇವಾಡಿ ದಾಟಿದ ಮೇಲೆ ಮೆಲ್ಲಗೆ, "ಮನ್ಯಾಗ ಎಲ್ಲಾರೂ ಆರಾಮ ಅದಾರೇನವಾ?" ಎಂದು ಕೇಳಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ತವರಿನಿಂದ ತಿರುಗಿ ಬಂದಾಗ ನಮ್ಮ ಮನೆಯವರ ಸ್ಥಿತಿ ನನಗಿಂತ ಕಡೆಯಾಗಿತ್ತು. "ಸಾಲ್ಯಾಗ ಹುಡುಗೂರು ನನ್ನ ಕಂಡ ಕೂಡಲೇ ನೆಲಕ್ಕ ಕಿವಿ ಹಚ್ಚಿ ಮಲಗ್ತಾವ" ಎಂದರು. "ಅವ್ವಗ ಹೇಳಾಕ ನನ್ನ ಕೈಲೆ ಆಗಂಗಿಲ್ಲ. ನೀನ ಏನರ ಮಾಡು."

ಅತ್ತೆಗೆ ಬೇಡ ಎನ್ನುವ ಧೈರ್ಯ ನನಗೂ ಇರಲಿಲ್ಲ. ಅದಕ್ಕೇ ನಾನೊಂದು ಉಪಾಯ ಮಾಡಿದೆ. ಹಿತ್ತಲ ಕಡೆ ಬೀಜದ ಕಾಳು ಇಡುವ ಸಣ್ಣ ಕೋಣೆಯಿತ್ತು. ಅದನ್ನು ಸಾರಿಸಿ, ಅದರ ಒಂದೇ ಕಿಟಕಿಗೆ ಹಳೆಯ ಸೀರೆ ತುರುಕಿದೆ. ಗೋಡೆಯುದ್ದಕ್ಕೂ ಹೊಟ್ಟಿನ ಚೀಲ ಒಟ್ಟಿದೆ. ಮನೆಯಲ್ಲಿದ್ದ ಹೊದೆಯುವ ದಪ್ಪ ಕೌದಿಗಳನ್ನೆಲ್ಲ ಮೊಳೆ ಹೊಡೆದು ಸುತ್ತ ತೂಗುಹಾಕಿದೆ, ಬಾಗಿಲಿಗೂ ಎರಡು. ಅತ್ತೆಯನ್ನು ಒಳಗೆ ಕೂರಿಸಿ ಹಾಡಲು ಹೇಳಿ ನಾನು ಓಣಿಗೆ ಹೋಗಿ ನಿಲ್ಲುವುದು, ಬಂದು, "ಇನ್ನೂ ಕೇಳಸ್ತೈತ್ರಿ" ಎನ್ನುವುದು, ಇನ್ನೊಂದು ಕೌದಿ ಹಾಕುವುದು. ಕಡೆಗೆ ಕೌದಿಗಳು ಮುಗಿದವು. "ಒಂದೀಟು ದನಿ ತಗ್ಗಸ್ರಿ ಅತ್ತಿ" ಎಂದೆ. ತಗ್ಗಿಸಿದರು. "ಇನ್ನೊಂದೀಟು" ಎಂದೆ. ತಗ್ಗಿಸಿದರು. ಓಣಿಯಲ್ಲಿ ಏನೂ ಕೇಳಿಸದ ದಿನ ನನಗೆ ಎಷ್ಟೋ ತಿಂಗಳ ಮೇಲೆ ನೆಮ್ಮದಿಯ ನಿದ್ದೆ ಬಂತು.

ಅತ್ತೆ ಮಾತ್ರ ಕಂಡಕಂಡವರ ಮುಂದೆ, "ನಮ್ಮ ಸೊಸಿ ನನಗ ಹಾಡಾಕ ಖೋಲಿ ಮಾಡಿ ಕೊಟ್ಟಾಳ. ಯಾವ ಸೊಸಿ ಮಾಡ್ತಾಳ ಹೇಳ್ರಿ?" ಎಂದು ಹೇಳಿಕೊಂಡು ತಿರುಗಿದರು. ಶಾಂತಕ್ಕನನ್ನೂ ಕರೆತಂದು ಕೌದಿಗಳನ್ನು ಒಂದೊಂದಾಗಿ ತೋರಿಸಿದರು. ಆ ಕೋಣೆಯೊಳಗೆ ಗಾಳಿಯಿಲ್ಲದೆ ಮೈ ಬೆಂದುಹೋಗುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು ಬೀಸಣಿಗೆ ಬೀಸುವುದು, ಅವರು ಬೆವರು ಒರೆಸಿಕೊಳ್ಳುತ್ತ ಗುರುವಿನ ಮೇಲಿನ ಅದೇ ಒಂದು ಪದವನ್ನು ಮತ್ತೆ ಮತ್ತೆ ಹಾಡುವುದು. ಸ್ವಲ್ಪ ದನಿ ಏರಿತೆಂದರೆ ಅವರೇ ನನ್ನ ಮುಖ ನೋಡಿ ಇಳಿಸುತ್ತಿದ್ದರು. ಹೀಗೆ ಶ್ರಾವಣ ಮುಗಿಯುತ್ತ ಬಂತು.

ಕಡೆಯ ಸೋಮವಾರ ಮಠದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಗೇವಿನ ಸುದ್ದಿ ಕೇಳಿದವರೆಲ್ಲ ಬಂದಿದ್ದರು. ನಾನು ಯಾರ ಕಣ್ಣಿಗೂ ಬೀಳದಂತೆ ಕಂಬದ ಹಿಂದೆ ಕುಳಿತೆ. ಅತ್ತೆ ಇಳಕಲ್ ಸೀರೆ ಉಟ್ಟು ಅಜ್ಜನವರ ಪಾದಕ್ಕೆ ಹಣೆ ಹಚ್ಚಿ ಭಜನೆಯವರ ನಡುವೆ ಕುಳಿತರು. ಮಠದ ಹಾರ್ಮೋನಿಯಂ ಸ್ವರ ಎತ್ತಿಕೊಂಡಿತು. ದಮ್ಮಡಿ, ತಾಳ ಸೇರಿದವು. ಅತ್ತೆ ಹಾಡತೊಡಗಿದರು.

ಅವರ ತುಟಿ ಅಲ್ಲಾಡುತ್ತಿತ್ತು. ದನಿ ಬರಲಿಲ್ಲ. ಬಂತು, ಆದರೆ ಬೀಜದ ಕೋಣೆಯ ಅಳತೆಯ ದನಿ. ಕಂಬದ ಹತ್ತಿರವಿದ್ದ ನನಗೇ ಅರ್ಧ ಕೇಳಿಸಿತು.

"ಯವ್ವಾ, ಕೇಳಸವಲ್ದು" ಎಂದರು ಯಾರೋ ಹಿಂದಿನಿಂದ.

ಅತ್ತೆ ಗಂಟಲು ಸರಿಮಾಡಿಕೊಂಡು ಮತ್ತೆ ಎತ್ತಿದರು. ಕತ್ತಿನ ನರ ಬಿಗಿದವು, ದನಿ ಅಷ್ಟೇ. ಅಜ್ಜನವರು ಮುಂದೆ ಬಾಗಿ ಕಿವಿಗೆ ಕೈ ಹಚ್ಚಿದರು. ಗಂಡಸರ ಕಡೆಯಿಂದ ಕಿಸಕ್ಕೆಂದು ನಗೆ ಬಂತು. ಹಾರ್ಮೋನಿಯಂ ನಿಂತಿತು. ಆಗ ನಮ್ಮತ್ತೆ ಸೆರಗನ್ನು ಮುಂದೆಳೆದು ಮುಖದ ಮೇಲೆ ಹಾಕಿಕೊಂಡರು. ಬೀಗರ ಎದುರು ನೆಲದಲ್ಲಿ ಸಿಕ್ಕಿಬಿದ್ದಾಗಲೂ ನಾಚದ ಹೆಂಗಸು.  ಈ ದನಿಯನ್ನು ಒಂದೊಂದು ಕೌದಿ ಹೊದಿಸಿ ಅಡಗಿಸಿದವಳು ನಾನು. ಅಷ್ಟು ದಿನ ಯಾವುದನ್ನು ನಾಚಿಕೆ ಎಂದುಕೊಂಡು ಮೈ ಮುದುಡಿದ್ದೆನೋ ಅದು ಏನೂ ಆಗಿರಲಿಲ್ಲ. ನಾಚಿಕೆ ಎಂದರೆ ಇದು.

ಹೇಗೆ ಎದ್ದೆನೋ ಗೊತ್ತಿಲ್ಲ. ಗಂಡಸರನ್ನು ದಾಟಿ ಹೋಗಿ ಅತ್ತೆಯ ಮಗ್ಗುಲಿಗೆ ಕುಳಿತೆ. "ಅತ್ತಿ, ಜೋರಾಗಿ ಹಾಡ್ರಿ" ಎಂದೆ.

ಸೆರಗಿನ ಒಳಗಿಂದಲೇ, ನನಗೊಬ್ಬಳಿಗೆ ಕೇಳಿಸುವಷ್ಟು ಮೆಲ್ಲಗೆ ಅವರು ಕೇಳಿದರು, "ಮಂದಿ ಕೇಳಿದ್ರ ನಿನಗ ನಾಚಿಕಿ ಆಗಂಗಿಲ್ಲೇನವಾ?"

ಅಂದರೆ ಇವರಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಓಣಿ ತುಂಬ ನನ್ನನ್ನು ಹೊಗಳಿಕೊಂಡು ತಿರುಗಿದ್ದರು. ಅದಕ್ಕೆ ಉತ್ತರವಾಗಿ ನನಗೆ ಬಂದದ್ದು ಆ ಪದ. ಬೀಸಣಿಗೆ ಹಿಡಿದು ದಿನಾ ಕೇಳಿ ಕೇಳಿ ನನ್ನ ಬಾಯಿಗೂ ಕುಳಿತುಬಿಟ್ಟಿತ್ತು. ಕಣ್ಣು ಮುಚ್ಚಿ ಮೊದಲ ಸಾಲನ್ನು ಎಷ್ಟು ಸಾಧ್ಯವೋ ಅಷ್ಟು ಗಟ್ಟಿಯಾಗಿ ಎತ್ತಿದೆ. ದನಿ ಒಡೆದಿತ್ತು, ಶ್ರುತಿ ಎಲ್ಲಿಯೋ ಇತ್ತು. ಎರಡನೆಯ ಸಾಲಿಗೆ ಸೆರಗಿನೊಳಗಿಂದ ಅತ್ತೆಯ ದನಿ ಬಂದು ಸೇರಿಕೊಂಡಿತು. ಮೂರನೆಯ ಸಾಲಿಗೆ ಅವರ ದನಿಯೊಳಗೆ ನನ್ನ ದನಿ ನನಗೇ ಕೇಳಿಸಲಿಲ್ಲ.